ಬೀಗರೂಟ ಬೇಡ, ಯಾಕಂದ್ರೆ...

“ಬೀಗರೂಟ ಅನ್ನೋದ್ನೇ ನಿಲ್ಲಿಸ್ಬೇಕು ಕಣೆ!”

ನಮ್ಮ ಚಿಕ್ಕಮ್ಮ ಹೀಗಂದಿದ್ದೇ ತಡ, ಎದುರಿಗೆ ಕೂತಿದ್ದ ಚಿಕ್ಕಪ್ಪನಿಗೆ ಕಾಫಿ ನೆತ್ತಿಗೇರಿತು. ಹೊಂಗನೂರಿನ ಸುತ್ತಮುತ್ತ ಯಾರ ಮನೆ ಮದುವೆಯೇ ಆಗಲಿ, ಮುಹೂರ್ತ ತಪ್ಪಿಸಿಕೊಂಡಾರು, ಆಮೇಲಿನ ಬೀಗರೂಟದ ಬಾಡು-ಮುದ್ದೆ ತಪ್ಪಿಸಿಕೊಂಡವರಲ್ಲ ಅವರು. ಅಂಥವರ ಮನೆಯಲ್ಲಿ ಇಂಥ ಮಾತೇ?

ಮಾತು ಹುಟ್ಟಿದ್ದು ಜಗಳದಿಂದಲ್ಲ, ಅಸೈನ್‌ಮೆಂಟಿನಿಂದ. ಚಿಕ್ಕಮ್ಮ ಅಂಗನವಾಡಿ ಟೀಚರ್. ಮದುವೆಯಾದಾಗ ನಿಂತುಹೋದ ಡಿಗ್ರಿಯನ್ನು ಈಗ ಮನೆಯಿಂದಲೇ ಓದುತ್ತಿದ್ದಾಳೆ. ಮುಗಿಸಿದರೆ ಸೂಪರ್‌ವೈಸರ್ ಹುದ್ದೆಗೆ ಅರ್ಜಿ ಹಾಕಬೇಕೆಂಬ ಆಸೆ. ಉಳಿದದ್ದೆಲ್ಲ ಪಾಸು. ಕನ್ನಡದ ಅಸೈನ್‌ಮೆಂಟ್ ಮಾತ್ರ ವಾಪಸ್ ಬಂದಿತ್ತು. (ಪೇಪರಿಗೆ ಬರೆಯುವ ನನ್ನಂಥವಳು ನೆಂಟರಲ್ಲಿದ್ದೂ!) ಸರಿಮಾಡಿ ಕೊಡದಿದ್ದರೆ ಈ ವರ್ಷ ಡಿಗ್ರಿ ಇಲ್ಲ. ಹಾಗಾಗಿ ರಾಮನಗರದಲ್ಲಿದ್ದ ನನಗೆ ಬುಲಾವ್ ಬಂತು. ಚನ್ನಪಟ್ಟಣದಲ್ಲಿ ಬಸ್ ಬದಲಾಯಿಸಿ ಹೋದೆ.

ಪ್ರಶ್ನೆ ಸರಳವಾಗಿತ್ತು. ನಿಮ್ಮ ಊರಿನ ಒಂದು ಆಚರಣೆ ಬದಲಾಗಬೇಕೆ? ನಿಮ್ಮ ನಿಲುವನ್ನು ಸಮರ್ಥಿಸಿ.

ಚಿಕ್ಕಮ್ಮ ಬೀಗರೂಟದ ಮೇಲೆ ಬರೆದಿದ್ದಳು. ಪೀಠಿಕೆಯಲ್ಲಿ ‘ಭಾರತವು ಹಲವು ಸಂಸ್ಕೃತಿಗಳ ತವರೂರು’. ಆಮೇಲೆ ಅನುಕೂಲಗಳು. ಆಮೇಲೆ ಅನಾನುಕೂಲಗಳು. ಉಪಸಂಹಾರದಲ್ಲಿ, ‘ಆದ್ದರಿಂದ ಬೀಗರೂಟವು ಒಳ್ಳೆಯದೂ ಹೌದು, ಕೆಟ್ಟದ್ದೂ ಹೌದು.’ ಅದರ ಕೆಳಗೆ ಮೇಷ್ಟ್ರ ಕೆಂಪು ಇಂಕು: ‘ನಿಮ್ಮ ನಿಲುವೇನು?’

ನಗಬೇಡಿ. ನಾವೆಲ್ಲ ಹೀಗೇ ಬರೆದು ಪಾಸಾದವರಲ್ಲವೇ? ವಿಜ್ಞಾನ ವರವೋ ಶಾಪವೋ? ಎರಡೂ ಹೌದು. ಟೀವಿ? ಎರಡೂ ಹೌದು. ಒಂದೇ ಕಡೆ ನಿಂತು ಮಾತಾಡಿದ ಹುಡುಗಿಗೆ ‘ಬಾಯಿ ಜಾಸ್ತಿ’ ಅನ್ನೋ ಬಿರುದು ಗ್ಯಾರಂಟಿ. ಅದಕ್ಕೇ ಅಡುಗೆಮನೆಯಲ್ಲಿ ಖಡಕ್ಕಾಗಿ ಮಾತಾಡುವ ಹೆಂಗಸರೂ ಪೆನ್ನು ಹಿಡಿದ ಕೂಡಲೇ ಮೆತ್ತಗಾಗಿಬಿಡುತ್ತಾರೆ.

“ಪೀಠಿಕೆ ಕಟ್ಟಿಡು. ನಿನ್ನ ಮನಸ್ಸಲ್ಲಿ ಏನಿದೆ, ಅದನ್ನ ಹೇಳು” ಅಂದೆ. ಆಗ ಬಂದದ್ದೇ ಆ ಮಾತು. ಕೈಗೆ ಸಿಕ್ಕಿದ ಒಂದು ಲಗ್ನಪತ್ರಿಕೆಯ ಹಿಂಬದಿಯಲ್ಲಿ ದೊಡ್ಡದಾಗಿ ಬರೆದಳು: ಬೀಗರೂಟ ನಿಲ್ಲಬೇಕು.

“ಈಗ ಅದರ ಕೆಳಗೆ ‘ಯಾಕಂದ್ರೆ’ ಅಂತ ಬರಿ. ಒಂದೊಂದು ಕಾರಣಕ್ಕೆ ಒಂದೊಂದು ಪ್ಯಾರಾ. ಪ್ರತಿ ಕಾರಣದ ಕೆಳಗೆ ನೀನೇ ಕಣ್ಣಾರೆ ಕಂಡದ್ದು.”

“ಯಾಕಂದ್ರೆ ದಂಡ ಕಣೆ. ಎಲ್ಲಾ ಕಡೆ ಅಡ್ಗೆ ಮಿಗ್ತದೆ.”

“ಎಲ್ಲಾ ಕಡೆ ಅಂದರೆ ಯಾರೂ ನಂಬಲ್ಲ. ಒಂದು ಮನೆ ಹೇಳು.”

ಪಕ್ಕದ ಮನೆಯವರು ಮಿಕ್ಕಿದ ಅನ್ನ-ಸಾರನ್ನು ಗುಂಡಿ ತೋಡಿ ಸುರಿದದ್ದು ನೆನಪಾಯಿತು. ಬರೆದುಕೊಂಡಳು. ಎರಡನೇ ಕಾರಣ, ಮನಸ್ತಾಪ. ಅದಕ್ಕೆ ಸಾಕ್ಷಿ ಎದುರಿಗೇ ಕೂತಿತ್ತು. ಕನಕಪುರದ ಕಡೆಯ ಬೀಗರೂಟವೊಂದರಿಂದ ಬಂದ ಚಿಕ್ಕಪ್ಪ “ಬರೀ ಮೂಳೆ ಹಾಕ್ಬುಟ್ರು” ಅಂತ ವಾರವಿಡೀ ಮುಖ ಊದಿಸಿಕೊಂಡಿದ್ದರಂತೆ.

“ಈಗ ‘ಆದ್ರೆ’ ಅಂತ ಬರಿ. ಎದುರು ಪಾರ್ಟಿಯವರ ಮಾತು ಬೇಕು. ಸುಮ್ಮನೆ ಒಂದು ಸಪ್ಪೆ ಮಾತಲ್ಲ, ಅವರ ಅತಿ ಗಟ್ಟಿ ಮಾತು” ಅಂದೆ. ಎದುರು ಪಾರ್ಟಿ ಅದಕ್ಕೇ ಕಾಯುತ್ತಿತ್ತು.

“ಅಲ್ಲ ಕಣವ್ವ, ಬೀಗರೂಟ ಇಲ್ದೆ ನೆಂಟ್ರ ಮುಖ ನೋಡೋದ್ಯಾವಾಗ? ಮದ್ವೆ ಗಲಾಟೇಲಿ ಯಾರು ಯಾರ್ನ ಮಾತಾಡುಸ್ತಾರೆ? ಒಟ್ಗೆ ಕುಂತು ಒಸಿ ಉಂಡ್ರೇ ಅಲ್ವಾ ಸಂಬಂಧ? ಮಿಗ್ತದೆ ಅಂದ್ರೆ ಕಮ್ಮಿ ಬೇಯ್ಸಿ. ಮೂಳೆ ಬಿತ್ತು ಅಂದ್ರೆ ನೋಡ್ಕಂಡು ಬಡ್ಸಿ. ಊಟಾನೇ ಯಾಕೆ ನಿಲ್ಲುಸ್ತೀರಿ?”

ನಿಜ ಹೇಳಲೇ? ಎರಡು ‘ಯಾಕಂದ್ರೆ’ಗಳೂ ಒಂದೇ ಏಟಿಗೆ ಮಲಗಿದ್ದವು. ಚಿಕ್ಕಪ್ಪ ಗೆದ್ದವರ ಹಾಗೆ ಕಾಲ ಮೇಲೆ ಕಾಲು ಹಾಕಿಕೊಂಡರು.

ಚಿಕ್ಕಮ್ಮ ಮಾತ್ರ ಅವರನ್ನೇ ನೋಡುತ್ತಿದ್ದಳು. “ಒಟ್ಗೆ ಕುಂತು ಅಂದ್ರಲ್ಲ. ನಾನ್ಯಾವಾಗ ಕುಂತಿದ್ದೆ?”

“ಯಾಕೆ, ನಮ್ ಪುಟ್ಟಿ ಬೀಗರೂಟದಲ್ಲಿ ನೀನು ಉಣ್ಲಿಲ್ವಾ?”

“ಉಂಡೆ. ಕೊನೇ ಪಂಕ್ತೀಲಿ. ಬೆಳಗಿಂದ ನಾನೂ ನಮ್ಮವ್ವನೂ ಮುದ್ದೆ ಕಟ್ಟಿದ್ದೇ ಕಟ್ಟಿದ್ದು. ನಾನು ಎಲೆ ಮುಂದೆ ಕೂರೋ ಹೊತ್ಗೆ ನಮ್ ಬೀಗ್ತಿ ವ್ಯಾನ್ ಹತ್ತಿ ಹೊಂಟೋಗಿದ್ರು. ಮಗಳನ್ನ ಯಾವ ಮನೆಗೆ ಕೊಟ್ನೋ ಆ ಮನೆಯವ್ರ ಜೊತೆ ಕುಂತು ಒಂದು ತುತ್ತು ಉಣ್ಲಿಲ್ಲ ನಾನು. ಅದ್ಯಾವ ಸಂಬಂಧ ಬೆಳೀತು ನಂಗೆ?”

ಆ ಬೀಗರೂಟಕ್ಕೆ ನಾನೂ ಹೋಗಿದ್ದೆ. ಎರಡನೇ ಪಂಕ್ತಿಯಲ್ಲಿ ಉಂಡು, ಎಲೆ-ಅಡಿಕೆ ಹಾಕಿಕೊಂಡು ಬಂದಿದ್ದೆ. ಚಿಕ್ಕಮ್ಮ ಎಲ್ಲಿ ಅಂತ ಕೇಳಿರಲಿಲ್ಲ.

ಚಿಕ್ಕಪ್ಪ ಕಾಲು ಕೆಳಗಿಳಿಸಿದರು. ಚಿಕ್ಕಮ್ಮ ಮೊದಲ ಸಾಲು ಹೊಡೆದುಹಾಕಿ ಹೊಸದಾಗಿ ಬರೆದಳು: ಬೀಗರೂಟ ಇರಲಿ, ಆದರೆ ಮನೆಯ ಹೆಂಗಸರು ಮೊದಲ ಪಂಕ್ತಿಯಲ್ಲಿ ಕೂರಬೇಕು.

ಆಮೇಲಿನ ಕೆಲಸ ಸಲೀಸು. ಗುಂಡಿಯ ಅನ್ನವೂ ಕನಕಪುರದ ಮೂಳೆಯೂ ಹೊಸ ಸಾಲಿಗೆ ಬೇಕಿರಲಿಲ್ಲ, ಕಿತ್ತುಹಾಕಿದೆವು. ‘ಯಾಕಂದ್ರೆ’ಯ ಕೆಳಗೆ ಪುಟ್ಟಿಯ ಬೀಗರೂಟ, ವ್ಯಾನ್ ಹತ್ತಿ ಹೋದ ಬೀಗಿತ್ತಿ. ‘ಆದ್ರೆ’ಯ ಕೆಳಗೆ ‘ಹೆಂಗಸರು ಮೊದಲು ಕೂತರೆ ಬಂದವರನ್ನು ನೋಡಿಕೊಳ್ಳೋರು ಯಾರು?’ (ಇದೂ ಚಿಕ್ಕಪ್ಪನದೇ ಕೊಡುಗೆ.) ಅದಕ್ಕೆ ಉತ್ತರವಾಗಿ ಅವರದೇ ಮಾತು, ಒಟ್ಟಿಗೆ ಕೂತು ಉಂಡರೇ ಸಂಬಂಧ. ಪೀಠಿಕೆಯನ್ನು ಎಲ್ಲಕ್ಕಿಂತ ಕೊನೆಗೆ ಬರೆದಳು. ಅದರಲ್ಲಿ ಭಾರತ ಇರಲಿಲ್ಲ, ಹೊಂಗನೂರಿತ್ತು.

ಬಸ್ಸಿನಲ್ಲಿ ವಾಪಸ್ ಬರುವಾಗ ಅನ್ನಿಸಿತು. ‘ಅದನ್ನ ನಿಲ್ಲಿಸಿ, ಇದನ್ನ ಬಿಡಿ’ ಅಂತ ಮನೆಗಳಲ್ಲಿ ಎಷ್ಟು ಕೂಗಾಡುತ್ತೇವೆ! ಯಾಕೆ ಅಂತ ಯಾರಾದರೂ ತಾಳ್ಮೆಯಿಂದ ಕೇಳಿದರೆ ತಾನೇ ನಮಗೆ ಬೇಕಾದದ್ದು ಬೇರೆಯೇ ಅಂತ ಗೊತ್ತಾಗೋದು?

ಕಳೆದ ವಾರ ಚಿಕ್ಕಪ್ಪನ ಫೋನು. ದನಿಯಲ್ಲಿ ಹೆಮ್ಮೆಯೋ ಹೆಮ್ಮೆ.

“ನಿಮ್ ಚಿಕ್ಕಮ್ಮ ಪಾಸಾಗ್ಬುಟ್ಲು ಕಣವ್ವ! ಭಾನ್ವಾರ ನೆಂಟ್ರಿಗೆಲ್ಲ ಬಾಡೂಟ ಮಡಗಿದೀನಿ, ಬಂದ್ಬುಡು.”

“ಬತ್ತೀನಿ ಚಿಕ್ಕಪ್ಪ. ಚಿಕ್ಕಮ್ಮ ಎಷ್ಟನೇ ಪಂಕ್ತಿ?”

“ಹಲೋ? ಹಲೋ? ಇಲ್ಲಿ ಒಸಿ ಸಿಗ್ನಲ್ಲು ಸರಿಯಿಲ್ಲ ಕಣವ್ವ!”