ಸೇತುವೆಯ ಕೆಳಗೆ ಒಂದು ಗೇಣು

ರೈಲ್ವೆ ಸೇತುವೆಗೆ ಲಾರಿ ಗುದ್ದಿದರೆ ಊರಿನಲ್ಲಿ ಮೊದಲು ಗೊತ್ತಾಗುತ್ತಿದ್ದದ್ದು ನನ್ನ ಅಡಿಗೆಮನೆಗೆ. ಗೂಡಿನಲ್ಲಿ ಬೋರಲು ಹಾಕಿದ ಸ್ಟೀಲು ಲೋಟಗಳು ಜಣಜಣ ಎನ್ನುತ್ತಿದ್ದವು. ನಾನು ಸೌಟು ಬಿಸಾಕಿ ಬೀದಿಗೆ ಓಡುತ್ತಿದ್ದೆ. ಸುಳ್ಳೇಕೆ ಹೇಳಲಿ, ಆ ಗಲಾಟೆ ಎಂದರೆ ನನಗೆ ಬಲು ಇಷ್ಟ. ಕಿಕ್ಕೇರಿ ಹತ್ತಿರದ ನನ್ನ ತವರಿನಲ್ಲಿ ದಿನಕ್ಕೆ ಎರಡು ಸಲ ಬಸ್ಸು ಬರುತ್ತಿತ್ತು, ಅದು ಬಂದರೆ ಅದೇ ಸಡಗರ. ಇಲ್ಲಿ ನೋಡಿದರೆ ಮನೆಯ ಮುಂದೆಯೇ ರಸ್ತೆ, ಕೂಗಳತೆಯಲ್ಲಿ ಸೇತುವೆ, ಸೇತುವೆಯ ಮೇಲೆ ರೈಲು, ಕೆಳಗೆ ಸಿಕ್ಕಿಕೊಂಡ ಲಾರಿ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಪುಣ್ಯ ಎಂದುಕೊಂಡಿದ್ದೆ.

ನಮ್ಮೂರು ಪಾಂಡವಪುರಕ್ಕೂ ಶ್ರೀರಂಗಪಟ್ಟಣಕ್ಕೂ ನಡುವೆ. ರೈಲುದಾರಿ ಏರಿಯ ಮೇಲೆ ಹೋಗುತ್ತದೆ, ನಮ್ಮ ರಸ್ತೆ ಅದರಡಿಯಲ್ಲಿ ತಲೆ ತಗ್ಗಿಸಿಕೊಂಡು ನುಸುಳುತ್ತದೆ. ಎರಡು ಕಡೆ ಕಲ್ಲುಗೋಡೆ, ಮೇಲೆ ಕಬ್ಬಿಣದ ತೊಲೆ. ಒಂದು ಕಡೆಯ ಗೋಡೆಯ ಮೇಲೆ ಬಿಳಿ ಬೋರ್ಡು, ಅದರಲ್ಲಿ ಕಪ್ಪು ಬಣ್ಣದಲ್ಲಿ, 'ಎತ್ತರ ೧೨ ಅಡಿ'.

ಆ ಬೋರ್ಡು ಬರೆದವರು ನನ್ನ ಮಾವ. ಅವರು ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು, ಹಳಿಯ ಪಕ್ಕದಲ್ಲೇ ನಡೆದು ನಡೆದು ರಿಟೈರಾದವರು. ಅಕ್ಷರ ದುಂಡಗೆ ಬರೆಯುತ್ತಾರೆಂದು ಸಾಹೇಬರೊಬ್ಬರು ಅವರ ಕೈಗೇ ಕುಂಚ ಕೊಟ್ಟಿದ್ದರಂತೆ. ಬರೆಯುವ ಮೊದಲು ಮಾವ ತಾವೇ ಅಳೆದಿದ್ದರು. ಒಂದು ಹಗ್ಗದ ಮೇಲ್ತುದಿಗೆ ಕುಣಿಕೆ, ಕೆಳತುದಿಗೆ ಗುಂಡುಕಲ್ಲು. ಕುಣಿಕೆಯನ್ನು ತೊಲೆಯ ತಳದ ಬೋಲ್ಟಿಗೆ ಸಿಕ್ಕಿಸಿದಾಗ ಕಲ್ಲು ರಸ್ತೆಯನ್ನು ಸರಿಯಾಗಿ ಮುಟ್ಟುವ ಹಾಗೆ ಕಟ್ಟಿದ್ದರು. ಕುಣಿಕೆಯಿಂದ ಕಲ್ಲಿನ ತಳದವರೆಗೆ ಹನ್ನೆರಡು ಅಡಿ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ. ಆ ಹಗ್ಗ ಅವರ ಮಂಚದ ತಲೆದೆಸೆಯ ಗೂಟದಲ್ಲಿ ನೇತಾಡುತ್ತಿತ್ತು. ಒಂದು ಸಲ ಗೊತ್ತಿಲ್ಲದೆ ಅದನ್ನು ಬಟ್ಟೆ ಒಣಗಿಸಲು ಕಟ್ಟಿ ಎರಡು ದಿನ ಬೈಸಿಕೊಂಡಿದ್ದೆ.

ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಮಾವ, ನನ್ನ ಗಂಡ, ನಾನು, ಎರಡು ಹಸು, ಅಷ್ಟೇ. ನನ್ನ ಗಂಡ ಕಬ್ಬಿನ ಲಾರಿ ಓಡಿಸುತ್ತಿದ್ದರು. ಲಾರಿ ಬೇರೆಯವರದು, ಆದರೆ ಅದನ್ನು ಒರೆಸಿ ತೊಳೆಯುವುದು ನೋಡಿದರೆ ಕಟ್ಟಿಕೊಂಡವಳು ಯಾರು ಎಂದು ನನಗೇ ಅನುಮಾನ ಬರುತ್ತಿತ್ತು. ಅವರ ಹತ್ತಿರ ಒಂದು ಬಿದಿರಗಳ ಇತ್ತು. ಗದ್ದೆಯಲ್ಲಿ ಕಬ್ಬು ತುಂಬಿದ ಮೇಲೆ ಆ ಗಳವನ್ನು ಲಾರಿಯ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸುತ್ತಿದ್ದರು. ಗಳಕ್ಕಿಂತ ಮೇಲೆ ಒಂದು ಜಲ್ಲೆ ಕಂಡರೂ ತುಂಬುವ ಆಳುಗಳಿಗೆ ಹೇಳಿ ತೆಗೆಸುತ್ತಿದ್ದರು. ಬೋರ್ಡಿನಲ್ಲಿ ಹನ್ನೆರಡು ಅಡಿ ಎಂದಿದ್ದರೆ ಅವರ ಗಳ ಹನ್ನೆರಡು ಅಡಿಗೆ ನಾಲ್ಕು ಬೆರಳು ಕಮ್ಮಿ. ಅಪ್ಪ ಬರೆದದ್ದನ್ನು ನಂಬಿ ಮಗ ಕಡಿದ ಗಳ ಅದು.

ಅಂಥವರ ಲಾರಿಯೇ ಒಂದು ದಿನ ಸೇತುವೆಗೆ ಗುದ್ದಿತು.

ಕಬ್ಬು ಅರೆಯುವ ಕಾಲ, ಕಾರ್ಖಾನೆಯ ಹಾದಿ ತುಂಬ ಲಾರಿ, ಗಾಡಿ, ಟ್ರಾಕ್ಟರು. ಬೆಳಿಗ್ಗೆ ಒಂಬತ್ತರ ಹೊತ್ತು. ಲೋಟಗಳು ಜಣಜಣ ಎನ್ನಲಿಲ್ಲ, ಗೂಡಿನಿಂದ ಉರುಳಿ ನೆಲಕ್ಕೇ ಬಿದ್ದವು. ಓಡಿಹೋಗಿ ನೋಡಿದರೆ ತೊಲೆಗೆ ಕಬ್ಬಿನ ಹೊರೆ ಕಚ್ಚಿಕೊಂಡು ಲಾರಿ ನಿಂತಿದೆ, ಮೇಲಿನ ಸಾಲಿನ ಕಬ್ಬು ರಸ್ತೆಯ ತುಂಬ ಚೆಲ್ಲಿದೆ, ಸ್ಟೇರಿಂಗ್ ಹಿಡಿದು ಕೂತವರು ನನ್ನ ಯಜಮಾನರು! ಅವರಿಗೆ ಒಂದು ಗೀರೂ ಆಗಿರಲಿಲ್ಲ. ನಾನು ಕೈಮುಗಿಯುವುದರೊಳಗೆ ಹಿಂದಿನಿಂದ ಮಾವನ ಕೂಗು ಬಂತು.

"ಮೈಸೂರ್ ಗಾಡಿ ಬರೋ ಟೈಮ್ ಕಣವ್ವೋ! ತೊಲೆ ಜರುಗಿದ್ರೆ ಗಾಡಿ ಕೆಳಕ್ಕೆ ಬೀಳ್ತದೆ!"

ಏರಿ ಹತ್ತಿ ಓಡಿದರು ನೋಡಿ, ಅರವತ್ತು ದಾಟಿದ ಮನುಷ್ಯ! ಓಡುವ ದಾರಿಯಲ್ಲಿ ನಮ್ಮ ಬಟ್ಟೆ ಒಣಗಿಸುವ ಹಗ್ಗದ ಮೇಲಿಂದ ಕೈಗೆ ಸಿಕ್ಕ ಕೆಂಪು ಬಟ್ಟೆ ಎಳೆದುಕೊಂಡರು. ಅದು ನಾನು ಆಗ ತಾನೇ ಒಣಹಾಕಿದ್ದ ಲಂಗ. ಅದನ್ನು ತಲೆಯ ಮೇಲೆ ಬೀಸುತ್ತಾ ಹಳಿಯ ಪಕ್ಕ ಓಡಿದರು. ಗಾಡಿ ಕಿರ್ರೆಂದು ದೂರದಲ್ಲೇ ನಿಂತಿತು. ಕಿಟಕಿ ಕಿಟಕಿಯಲ್ಲೂ ತಲೆಗಳು. ಮೈಸೂರಿಗೆ ಹೊರಟವರೆಲ್ಲ ನನ್ನ ಲಂಗ ನೋಡಿದರು. ನಾನು ನಾಚಿಕೆಯಿಂದ ಸತ್ತೆ, ಹೆಮ್ಮೆಯಿಂದ ಬದುಕಿದೆ.

ರೈಲ್ವೆಯವರು ಬಂದು ತೊಲೆ ನೋಡಿದರು, ಏನೂ ಆಗಿಲ್ಲವೆಂದು ಗಾಡಿ ಬಿಟ್ಟರು. ಲಾರಿಯ ಟೈರುಗಳ ಗಾಳಿ ಇಳಿಸಿ ಹಿಂದಕ್ಕೆ ಎಳೆದರು. ಎಲ್ಲ ಮುಗಿದು ಜನ ಚೆದುರಬೇಕು, ಆಗ ಮಾವ ಏರಿ ಇಳಿದು ಬಂದರು.

"ಬೋರ್ಡ್ ಕಾಣ್ನಿಲ್ವೇನ್ಲಾ?" ಅಂದರು ಮಗನಿಗೆ.

"ನೋಡೇ ಬಂದೆ ಕಣಪ್ಪ. ಗಳ ಇಕ್ಕೇ ತುಂಬ್ಸಿದ್ದು. ಹನ್ನೆರಡು ಅಡಿ ಇರ್ನಿಲ್ಲ ನನ್ ಲೋಡು."

"ಸುಳ್ಳು ಬೊಗಳ್ಬೇಡ. ನನ್ ಬೋರ್ಡ್ ಸುಳ್ಳು ಹೇಳಕಿಲ್ಲ. ಹೇಳೋನು ನೀನು."

ಇಡೀ ಊರಿನ ಮುಂದೆ ಅಂದ ಮಾತು. ಲಾರಿಯ ಯಜಮಾನರಿಗೂ ಅದು ಮುಟ್ಟಿತು. ಹೆತ್ತಪ್ಪನೇ ಹೀಗೆ ಅಂದ ಮೇಲೆ ಅವರು ಏಕೆ ಸುಮ್ಮನಿರುತ್ತಾರೆ? ಲಾರಿಯ ಬೀಗದ ಕೈ ಬೇರೆಯವರಿಗೆ ಹೋಯಿತು. ನನ್ನ ಗಂಡ ಹಸು ನೋಡಿಕೊಂಡು, ಡೈರಿಗೆ ಹಾಲು ಹಾಕಿಕೊಂಡು ಉಳಿದರು. ಬಿದಿರಗಳವನ್ನು ಹಿತ್ತಿಲ ಗೋಡೆಗೆ ಒರಗಿಸಿದವರು ಮತ್ತೆ ಅದರ ಕಡೆ ತಿರುಗಿ ನೋಡಲಿಲ್ಲ.

ಅವತ್ತಿನಿಂದ ಅಪ್ಪ ಮಗನಿಗೆ ಮಾತಿಲ್ಲ. ಒಬ್ಬರು ಉಂಡು ಎದ್ದ ಮೇಲೆ ಇನ್ನೊಬ್ಬರು ತಟ್ಟೆಯ ಮುಂದೆ ಕೂರುತ್ತಿದ್ದರು. "ಹಸೀಗೆ ಹುಲ್ ಹಾಕವ್ನಂತಾ ಕೇಳವ್ವ," ಎಂದು ಮಾವ ನನಗೆ ಹೇಳುವುದು, ಮಗ ಎರಡು ಮಾರು ದೂರದಲ್ಲಿ ನಿಂತು ಕೇಳಿಸಿಕೊಂಡೂ ನಾನು ಹೇಳುವವರೆಗೆ ಕಾಯುವುದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ, ನಡುವೆ ನೊಗ ನಾನು. ಎರಡೆರಡು ಸಲ ಮುದ್ದೆ ಕಟ್ಟಿ ಕಟ್ಟಿ ನನ್ನ ಕೈಯೂ ಸೋತಿತ್ತು, ತಲೆಯೂ ಕೆಟ್ಟಿತ್ತು. ನನಗೆ ಗಂಡನ ಮೇಲೆ ನಂಬಿಕೆಯಿತ್ತು. ಮಾವನೂ ಸುಳ್ಳು ಬರೆಯುವವರಲ್ಲ. ಹಾಗಾದರೆ ಸುಳ್ಳು ಹೇಳಿದ್ದು ಯಾರು?

ಉತ್ತರ ಸಿಕ್ಕಿದ್ದು ಮುಂಗಾರಿನ ಮೊದಲ ದೊಡ್ಡ ಮಳೆಯ ಮರುದಿನ. ರಸ್ತೆಯ ನೀರು ಜಗಲಿಗೇ ನುಗ್ಗಿ ಕೆಸರು ಕೂತಿತ್ತು. ಬೆಳಗಿನ ಜಾವ ಪೊರಕೆ ಹಿಡಿದು ಗುಡಿಸುತ್ತಾ ನಾನು ರಸ್ತೆಗೆ, ಮಳೆಗೆ, ಕಂಟ್ರಾಕ್ಟರಿಗೆ, ಎಲ್ಲರಿಗೂ ಸೇರಿಸಿ ಬೈಯುತ್ತಿದ್ದೆ. ನಾನು ಬಂದ ವರ್ಷ ಜಗಲಿಗೆ ನೀರು ಎಲ್ಲಿ ಬರುತ್ತಿತ್ತು? ಸೇರು ಒದ್ದು ಒಳಗೆ ಬರುವಾಗ ಮೂರು ಮೆಟ್ಟಿಲು ಹತ್ತಿದ್ದು ನನಗೆ ಚೆನ್ನಾಗಿ ನೆನಪಿತ್ತು. ಮೂರನೆಯ ಮೆಟ್ಟಿಲಲ್ಲಿ ಸೀರೆ ತೊಡರಿ ಮುಗ್ಗರಿಸಿದ್ದೆನಲ್ಲ, ನೆನಪಿಲ್ಲದೆ ಇರುತ್ತದೆಯೇ?

ಈಗ ಎಣಿಸಿದೆ. ಒಂದು, ಎರಡು.

ಇನ್ನೊಂದು ಎಲ್ಲಿ? ಪೊರಕೆ ಕೈಯಲ್ಲೇ ಉಳಿಯಿತು. ನಾನು ಬಂದ ಮೇಲೆ ಆ ರಸ್ತೆಗೆ ಎರಡು ಸಲ ಜಲ್ಲಿ ಸುರಿದು ಡಾಂಬರು ಹಾಕಿದ್ದರು. ಹಳೆಯದನ್ನು ಕಿತ್ತಿರಲಿಲ್ಲ, ಮೇಲೆ ಮೇಲೆ ಹಾಕಿದ್ದರು; ಎರಡನೆಯ ಸಲದ್ದು ಲಾರಿ ಗುದ್ದುವುದಕ್ಕೆ ಸ್ವಲ್ಪ ದಿನ ಮೊದಲು. ನಮ್ಮ ಕೆಳಗಿನ ಮೆಟ್ಟಿಲು ರಸ್ತೆಯೊಳಗೆ ಹೂತುಹೋಗಿತ್ತು. ದಿನಾ ಬೆಳಿಗ್ಗೆ ಅದೇ ಜಾಗಕ್ಕೆ ಸಾರಿಸಿ ರಂಗೋಲಿ ಬಿಡುವ ನನಗೇ ಇದು ಕಂಡಿರಲಿಲ್ಲ! ರಸ್ತೆ ನಮ್ಮ ಮನೆಯ ಮುಂದೆ ಏರಿದರೆ ಸೇತುವೆಯ ಕೆಳಗೆ ಏರದೆ ಇರುತ್ತದೆಯೇ? ಸೇತುವೆ ಮಾತ್ರ ಇದ್ದಲ್ಲೇ ಇದೆ.

ಒಳಗೆ ಓಡಿದೆ. ಮಾವ ಹಿತ್ತಿಲಲ್ಲಿ ಹಲ್ಲುಜ್ಜುತ್ತಿದ್ದರು. ಅವರ ಗೂಟದಿಂದ ಹಗ್ಗ ಎತ್ತಿಕೊಂಡೆ, ನುಗ್ಗೆಕಾಯಿ ಕೀಳುವ ದೋಟಿ ಹಿಡಿದುಕೊಂಡೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಸೇತುವೆಗೆ ಓಡಿದೆ. ದೋಟಿಯ ತುದಿಯಿಂದ ಕುಣಿಕೆಯನ್ನು ಬೋಲ್ಟಿಗೆ ಸಿಕ್ಕಿಸಲು ಹೋದರೆ ಜಾರುತ್ತದೆ. ಮೂರು ಸಲ ಜಾರಿತು. ನಾಲ್ಕನೆಯ ಸಲ ಕಚ್ಚಿಕೊಂಡಿತು. ಕೈಬಿಟ್ಟೆ.

ಕಲ್ಲು ರಸ್ತೆಯನ್ನು ಮುಟ್ಟಿದ್ದಷ್ಟೇ ಅಲ್ಲ, ಅಡ್ಡ ಮಲಗಿತು. ಅದರ ಪಕ್ಕದಲ್ಲಿ ಹಗ್ಗವೂ ಸೊಟ್ಟಗೆ ಬಿದ್ದುಕೊಂಡಿತು. ಹೆಚ್ಚಾದದ್ದನ್ನು ಕೈಯಿಂದ ಅಳೆದೆ. ಸರಿಯಾಗಿ ಒಂದು ಗೇಣು!

ನಡುರಸ್ತೆಯಲ್ಲಿ ನಿಂತು ಕೂಗಿದೆ. ಮಾವನನ್ನು ಹಾಗೆ ಕೂಗಿದ ಸೊಸೆ ಆ ಊರಿನಲ್ಲಿ ನಾನೇ ಮೊದಲು ಇರಬೇಕು.

"ಮಾವೋ! ಬಿರ್ರನೆ ಬನ್ನಿ ಮಾವೋ!"

ಬಾಯಲ್ಲಿ ಬೇವಿನಕಡ್ಡಿ ಇಟ್ಟುಕೊಂಡೇ ಬಂದರು. ತಮ್ಮ ಹಗ್ಗ ನೋಡಿ ಮೊದಲು ಕಣ್ಣು ಕೆಂಪಗಾಯಿತು. ಆಮೇಲೆ ಕೆಳಗೆ ನೋಡಿದರು.

"ಹಳೇ ಹಗ್ಗ, ಎಳ್ಕಂಡೈತೆ ಬುಡು," ಅಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

"ಹಂಗಾರೆ ನಿಮ್ ಟೇಪು ತರ್ತೀನಿ ಮಾವ," ಅಂದೆ. "ಅದೂ ಎಳ್ಕಂಡೈತಾ ನೋಡಾಣ. ನಮ್ ಮನೆ ಮೆಟ್ಲು ಮೂರಿತ್ತು, ಈಗ ಎರಡೈತೆ. ಅದನ್ನೂ ಯಾರಾದ್ರೂ ಎಳ್ಕಂಡೋದ್ರಾ?"

ಟೇಪೂ ಏಣಿಯೂ ತಂದೆ. ಏಣಿ ಹತ್ತಿ ಅಳೆದರು. ಇಳಿದು, ಮತ್ತೆ ಹತ್ತಿ ಅಳೆದರು. ಮೂರನೆಯ ಸಲ ಇಳಿದವರು ಹಾಗೆಯೇ ನಡೆದು ಬಂದು ನಮ್ಮ ಮೆಟ್ಟಿಲ ಮುಂದೆ ನಿಂತರು. ಕುಕ್ಕರಗಾಲಲ್ಲಿ ಕೂತು ರಸ್ತೆ ಜಗಲಿಗೆ ಸೇರುವ ಕಡೆ ಬೆರಳಿನಿಂದ ಕೆಸರು ಕೆರೆದರು. ಡಾಂಬರಿನ ಅಂಚಿನಲ್ಲಿ ಹೂತ ಮೆಟ್ಟಿಲ ಕಲ್ಲಿನ ತುದಿ ಕಾಣಿಸಿತು. ಅದನ್ನು ಬಹಳ ಹೊತ್ತು ಸವರುತ್ತಾ ಕೂತಿದ್ದರು. ಅವರನ್ನು ನೋಡಿ ನನ್ನ ಉತ್ಸಾಹವೆಲ್ಲ ಇಳಿದುಹೋಯಿತು.

ಎದ್ದವರು ಒಂದೇ ಮಾತು ಅಂದರು. "ಬಣ್ಣ ತರ್ಸವ್ವ. ಬಿಳೀದು, ಕರೀದು."

ಅಂಗಡಿಯ ಬಾಗಿಲು ತೆರೆಯುವುದನ್ನೇ ಕಾದು ಬಣ್ಣ ತಂದೆ. ಮಾವ ಏಣಿ ಇಟ್ಟುಕೊಂಡು ಹತ್ತಿದರು. ಜನ ಸೇರಿದರು. ಹಳೆಯ ದುಂಡು ಅಕ್ಷರದ ಮೇಲೆ ಬಿಳಿ ಬಣ್ಣ ಬಳಿಯುವಾಗ ಏಣಿ ಅಲ್ಲಾಡುತ್ತಿತ್ತು. ಹಿಡಿಯಲು ಮುಂದೆ ಬಂದವರನ್ನು ಬೇಡ ಎಂದು ಗದರಿದರು. ಅಷ್ಟರಲ್ಲಿ ಡೈರಿಯಿಂದ ನನ್ನ ಗಂಡ ಖಾಲಿ ಕ್ಯಾನು ಕಟ್ಟಿಕೊಂಡು ಸೈಕಲ್ಲಿನಲ್ಲಿ ಬಂದು, ದೂರದಲ್ಲೇ ಕಾಲೂರಿ ನಿಂತರು. ಮಾವ ತಿರುಗಿ ನೋಡಲಿಲ್ಲ. ಸೈಕಲ್ಲಿನ ಸದ್ದಿನಲ್ಲೇ ಗುರುತು ಹಿಡಿದಿರಬೇಕು.

"ಏನ್ಲಾ ನೋಡ್ತಾ ನಿಂತಿದ್ದೀಯ? ಏಣಿ ಹಿಡ್ಕೊಳ್ಲಾ."

ಐದು ತಿಂಗಳ ಮೇಲೆ ಮಗನಿಗೆ ಆಡಿದ ಮೊದಲ ಮಾತು! ನನ್ನ ಗಂಡ ಸೈಕಲ್ಲು ಬಿಟ್ಟು ಓಡಿದರು. ಅದು ಕ್ಯಾನಿನ ಸಮೇತ ರಸ್ತೆಗೆ ದಡಾರೆಂದು ಬಿತ್ತು. ಎರಡು ಕೈಯಿಂದ ಏಣಿ ಹಿಡಿದರು. ಮಾವ ಮೇಲೆ ನಿಂತು ಬರೆದರು, 'ಎತ್ತರ ೧೧ ಅಡಿ'. ಮಿಕ್ಕಿದ ಅಂಗುಲಗಳನ್ನು ಬೇಕೆಂದೇ ಬಿಟ್ಟರು.

ಮಾವ ಅಲ್ಲಿಗೆ ನಿಲ್ಲಿಸಲಿಲ್ಲ. ರೈಲ್ವೆ ಸಾಹೇಬರಿಗೆ ಅರ್ಜಿ ಬರೆಸಿದರು. ಸಾಹೇಬರು ಬಂದು ಅಳೆದು, ಸೇತುವೆಗೆ ಮೊದಲೇ ರಸ್ತೆಯ ಎರಡೂ ಕಡೆ ಕಬ್ಬಿಣದ ಅಡ್ಡಪಟ್ಟಿ ಹಾಕಿಸುತ್ತೇವೆ ಎಂದರು. ಅದು ಬರುವವರೆಗೆ ಏನು? ಬೋರ್ಡು ಓದದವರಿಗೆ ಸದ್ದು ಕೇಳಿಸಲಿ ಅಂದೆ ನಾನು. ಎಲ್ಲರಿಗಿಂತ ಮೊದಲು ನನ್ನ ಲೋಟಗಳಿಗೆ ಗೊತ್ತಾಗುತ್ತಿತ್ತಲ್ಲ, ಅದೇ ಯೋಚನೆ. ಸೇತುವೆಯಿಂದ ಐವತ್ತು ಮಾರು ಈಚೆ, ಎರಡೂ ಕಡೆ ರಸ್ತೆಗೆ ಅಡ್ಡವಾಗಿ ತಂತಿ ಎಳೆದು, ಕಲ್ಲು ತುಂಬಿದ ಎಣ್ಣೆಡಬ್ಬಗಳನ್ನು ಸಾಲಾಗಿ ನೇತುಹಾಕಿದೆವು. ಡಬ್ಬದ ತಳ ನೆಲದಿಂದ ಸರಿಯಾಗಿ ಹನ್ನೊಂದು ಅಡಿ. ಅಳೆದದ್ದು ನನ್ನ ಗಂಡ, ಹಿತ್ತಿಲ ಗಳವನ್ನು ತಂದು, ಮಾವನ ಮುಂದೆಯೇ ತುದಿ ಕೊಯ್ದು. ತಂತಿಯ ನಡುವೆ ಕೆಂಪು ಬಟ್ಟೆ ಬೇಕು ಅಂದರು ಮಾವ, ನನ್ನ ಮುಖ ನೋಡದೆ. ಆ ಲಂಗವನ್ನೇ ಹರಿದುಕೊಟ್ಟೆ. ಹೇಗಿದ್ದರೂ ಮೈಸೂರಿನವರೆಲ್ಲ ನೋಡಿದ್ದರು.

ಮಾತು ಶುರುವಾಗಿತ್ತು, ಆದರೆ ಅದು ತಂತಿ, ಮೊಳೆ, ಡಬ್ಬದ ಮಾತು. ತಟ್ಟೆಗಳು ಇನ್ನೂ ಬೇರೆ ಬೇರೆ ಹೊತ್ತಿಗೇ ಬೀಳುತ್ತಿದ್ದವು.

ಮೂರನೆಯ ದಿನ ಮಧ್ಯಾಹ್ನ ಡಬ್ಬಗಳು ಒಮ್ಮೆಲೇ ಬಡಿದುಕೊಂಡವು. ಅಬ್ಬಾ, ಅದೇನು ಸದ್ದು! ಮೂವರೂ ಹೊರಗೆ ಓಡಿದೆವು. ಶ್ರೀರಂಗಪಟ್ಟಣದ ಕಡೆಯಿಂದ ನಾಗಮಂಗಲಕ್ಕೆ ಭತ್ತದ ಹುಲ್ಲು ಹೊತ್ತ ಲಾರಿ. ಡ್ರೈವರು ಬ್ರೇಕು ಒತ್ತಿ, ಸೇತುವೆಗೆ ಇನ್ನೂ ದೂರವಿರುವಾಗಲೇ ನಿಲ್ಲಿಸಿದ್ದ. ನಾನು ಚಪ್ಪಾಳೆ ತಟ್ಟಿಬಿಟ್ಟೆ.

"ಯಾವನ್ಲಾ ಇದು ಕಟ್ಟಿರೋನು?" ಎಂದು ಬೈಯುತ್ತಾ ಇಳಿದ ಅವನು. "ಹುಲ್ಲು ಕಣ್ಲಾ, ತಾನೇ ಬಗ್ತದೆ. ಯಾವಾಗ್ಲೂ ಇಂಗೇ ಹೋಗೋನು ನಾನು."

ನನ್ನ ಗಂಡ ಲಾರಿ ಹತ್ತಿ, ಮೇಲಿನ ಹಗ್ಗ ಬಿಚ್ಚತೊಡಗಿದರು. ಮಾವ ಡ್ರೈವರನ ಹತ್ತಿರ ಹೋದರು. ಅವರೂ ಬೈಯುತ್ತಾರೆ ಎಂದುಕೊಂಡೆ. ಅವರು ಬೋರ್ಡಿನ ಕಡೆ ಕೈ ತೋರಿಸಿದರು.

"ಅಲ್ನೋಡಪ್ಪ. ಮೊದ್ಲು ಹನ್ನೆರಡು ಅಂತಿತ್ತು. ತಪ್ಪು. ಬರ್ದೋನು ನಾನೇ. ನನ್ ಮಗ ಲೆಕ್ಕ ಇಟ್ಕಂಡು ಸರ್ಯಾಗೇ ಬಂದಿದ್ದ, ನನ್ ಬೋರ್ಡ್ ನಂಬ್ಕಂಡು. ನಾನೇ ಅವನ್ನ ಸುಳ್ಳ ಅಂದ್ಬುಟ್ಟೆ, ಊರ್ ಮುಂದೆ."

ಡ್ರೈವರಿಗೆ ಏನೂ ಅರ್ಥವಾಗಲಿಲ್ಲ. ಇದನ್ನೆಲ್ಲ ಹೇಳಿ ಎಂದು ಅವನು ಕೇಳಿಯೂ ಇರಲಿಲ್ಲ. ಹುಲ್ಲಿನ ಮೇಲೆ ನಿಂತಿದ್ದ ನನ್ನ ಗಂಡ ಕೈಯಲ್ಲಿ ಹಗ್ಗ ಹಿಡಿದವರು ಹಾಗೆಯೇ ಕುಸಿದು ಕೂತರು. ಮೊಣಕಾಲಿನ ನಡುವೆ ಮುಖ ಇಟ್ಟರು. ಭುಜ ಅಲುಗುತ್ತಿದ್ದುದು ಕೆಳಗಿದ್ದ ನಮಗೆ ಕಾಣುತ್ತಿತ್ತು.

ಮಾವ ತಲೆ ಎತ್ತಿ ನೋಡಿದರು. ಬಿಸಿಲಿಗೆ ಕಣ್ಣಿನ ಮೇಲೆ ಕೈ ಅಡ್ಡ ಹಿಡಿದಿದ್ದರು.

"ಆಮ್ಯಾಕೆ ಬಿಚ್ಚವಂತೆ ಇಳ್ಯೋ ಮಗಾ," ಅಂದರು. "ಮುದ್ದೆ ಆರೋಯ್ತದೆ. ಉಣ್ಣಾನ ಬಾ."