ಮಹಾದೇವಿ ನನ್ನ ಮುಖ ನೋಡಿದ ದಿನ

ಕೋವಿಡ್‌ಗೆ ಹಿಂದಿನ ವರ್ಷ. ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಕೋರ್ಟುಗಳಲ್ಲಿ ನಾನು ಕನ್ನಡ ಇಂಟರ್‌ಪ್ರಿಟರ್ ಆಗಿದ್ದೆ. ಕನ್ನಡದವರ ಕೇಸು ಅಪರೂಪ. ಬಂದರೆ ಫೋನು ನನಗೇ. ಈ ಕೆಲಸದ ನಿಯಮ ಸರಳ: ಆಡಿದ ಮಾತನ್ನಷ್ಟೇ ಅನುವಾದಿಸಬೇಕು, ಅವರು ‘ನಾನು’ ಎಂದರೆ ನಾವೂ ‘ನಾನು’ ಎನ್ನಬೇಕು. ಸಲಹೆ, ಸಮಾಧಾನ ಕೂಡದು. ಎಂದೂ ನಿಯಮ ಮೀರದವಳೆಂಬ ಜಂಬ ನನಗಿತ್ತು.

ಗದಗಿನ ಕಡೆಯ ಮಹಾದೇವಿ ಅಂಗಡಿಯೊಂದರಲ್ಲಿ ಸೆಂಟಿನ ಬಾಟಲಿಗಳನ್ನು ಕದ್ದು ಸಿಕ್ಕಿಬಿದ್ದಿದ್ದಳು. ತಪ್ಪೊಪ್ಪಿಕೊಳ್ಳುವ ದಿನ ಜಡ್ಜ್ ಕೇಳಿದರು: “ಯಾರಾದರೂ ನಿಮ್ಮನ್ನು ಒತ್ತಾಯಿಸಿದ್ದಾರೆಯೇ?” ಅವಳು ತಿರುಗಿ ಹಿಂದಿನ ಬೆಂಚು ನೋಡಿದಳು. ಅವಳು ಮನೆಗೆಲಸಕ್ಕಿದ್ದ ಮನೆಯ ಯಜಮಾನಿ ಅಲ್ಲಿ ಕುಳಿತಿದ್ದಳು. ಆಮೇಲೆ ಮಹಾದೇವಿ ನನ್ನ ಮುಖ ನೋಡಿದಳು.

“ಯಾರೂ ಇಲ್ರಿ.”

ಅಷ್ಟನ್ನೇ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದೆ. ಆ ನೋಟ ನನಗೆ ಅರ್ಥವಾಗಿತ್ತು, ಆದರೂ ಸುಮ್ಮನಿದ್ದೆ.

ಮೂರು ವರ್ಷದ ಮೇಲೆ ಅದೇ ಹೆಸರು ಮತ್ತೆ ಬಂತು. ಅಷ್ಟರಲ್ಲಿ ಅವಳು ಆ ಮನೆಯಿಂದ ತಪ್ಪಿಸಿಕೊಂಡಿದ್ದಳು. ಲಿವರ್‌ಮೋರ್‌ನ ಡೇಕೇರ್ ಒಂದು ಕೆಲಸ ಕೊಡಲು ಸಿದ್ಧವಿತ್ತು. ಬೆರಳಚ್ಚಿನ ತಪಾಸಣೆಯಲ್ಲಿ ಕಳ್ಳತನ ಬಯಲಾಗಿ ಅದು ನಿಂತುಹೋಗಿತ್ತು. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಇದಕ್ಕೊಂದು ದಾರಿಯಿದೆ. ಮಾನವ ಕಳ್ಳಸಾಗಣೆಗೆ (ಬೆದರಿಸಿ ದುಡಿಸಿಕೊಳ್ಳುವುದೂ ಅದೇ) ಬಲಿಯಾದವರು ಅದರ ದೆಸೆಯಿಂದಲೇ ಮಾಡಿದ, ಹಿಂಸೆಯಿಲ್ಲದ ಅಪರಾಧದ ತೀರ್ಪನ್ನು ರದ್ದುಪಡಿಸುವಂತೆ ಕೋರ್ಟನ್ನು ಕೇಳಬಹುದು. ಆದರೆ ಕದಿಯಲು ಕಳಿಸಿದ್ದು ಯಾರೆಂದು ಅವಳೇ ಹೇಳಬೇಕಿತ್ತು. ಅವಳು ಒಲ್ಲೆನೆಂದಳು.

“ಉಂಡ ಮನಿಗೆ ಎರಡು ಬಗೀಬಾರದ್ರಿ. ಅಕ್ಕಾವರು ಅನ್ನಾ ಹಾಕ್ಯಾರ.”

ಅವಳ ವಕೀಲೆ ಅಮೆರಿಕದವಳು. ನನ್ನ ಅನುವಾದ ಕೇಳಿ, “ಆ ಅನ್ನ ಬೇಯಿಸುತ್ತಿದ್ದವರು ಯಾರು?” ಎಂದಳು.

“ನಾನ ರೀ,” ಎಂದು ಮಹಾದೇವಿ ಅತ್ತುಬಿಟ್ಟಳು.

ಅರ್ಜಿಯ ವಿಚಾರಣೆಯ ದಿನ, ಹಳೆಯ ಕೇಸಿನಲ್ಲೂ ಇಂಟರ್‌ಪ್ರಿಟರ್ ನಾನೇ ಇದ್ದೆನೆಂದು ಜಡ್ಜ್‌ಗೆ ಮೊದಲೇ ತಿಳಿಸಿದೆ. ಯಾರೂ ಆಕ್ಷೇಪಿಸಲಿಲ್ಲ. ಮಹಾದೇವಿ ಎಲ್ಲ ಹೇಳಿದಳು: ಕಸಿದುಕೊಂಡ ಪಾಸ್‌ಪೋರ್ಟು, ಕದಿಯದೆ ಖಾಲಿ ಕೈಯಲ್ಲಿ ಬಂದ ದಿನ ಬಿದ್ದ ಏಟು. “ಅವತ್ತೇ ಏಕೆ ಹೇಳಲಿಲ್ಲ?” ಎಂದರು ಜಡ್ಜ್. ಅವಳು ಮತ್ತೆ ತಿರುಗಿ ಹಿಂದಿನ ಬೆಂಚು ನೋಡಿದಳು. ಅದು ಖಾಲಿಯಿತ್ತು.

“ಅಕ್ಕಾವರು ಕುಂತಿದ್ರು ರೀ. ನಾ ಇವರ ಮಾರಿ ನೋಡಿದೆ. ಕನ್ನಡ ಬಲ್ಲವರು ಇವರೊಬ್ಬರ ಇದ್ರು. ಏನರ ಕೇಳ್ತಾರ ಅಂದ್ಕೊಂಡಿದ್ದೆ. ಇವರೂ ಸುಮ್ಮನಿದ್ರು.”

ನಿಯಮದಂತೆ ‘ನಾನು’ ಎಂದೇ ಹೇಳಬೇಕು. ‘ನಾನು ಇಂಟರ್‌ಪ್ರಿಟರ್ ಮುಖ ನೋಡಿದೆ, ಅವರೂ ಸುಮ್ಮನಿದ್ದರು’ ಎಂದು ನನ್ನ ತಪ್ಪನ್ನು ನನ್ನ ಬಾಯಿಂದಲೇ ಇಂಗ್ಲಿಷಿಗೆ ತಂದೆ.

ಹಳೆಯ ತೀರ್ಪು ರದ್ದಾಯಿತು. ಡೇಕೇರ್‌ನ ಕೆಲಸ ಮಾತ್ರ ಅಷ್ಟರಲ್ಲಿ ಬೇರೊಬ್ಬರ ಪಾಲಾಗಿತ್ತು.

ಈಗ ಹೊಸಬರಿಗೆ ಈ ಕೆಲಸ ಕಲಿಸುವಾಗ ಒಂದು ಮಾತು ಹೇಳುತ್ತೇನೆ: ಅನುಮಾನ ಬಂದರೆ ಕೈ ಎತ್ತಿ, ಕಕ್ಷಿದಾರರೊಂದಿಗೆ ವಕೀಲರು ಏಕಾಂತದಲ್ಲಿ ಮಾತಾಡಲಿ ಎಂದು ಜಡ್ಜ್‌ರನ್ನು ಕೇಳಿ. ಒಂದೇ ವಾಕ್ಯ ಸಾಕು. ಅಂದು ನಾನು ಅದನ್ನು ಆಡಲಿಲ್ಲ.

ತೀರ್ಪು ರದ್ದಾದ ದಿನ ಕೋರ್ಟಿನ ಹೊರಗೆ ಮಹಾದೇವಿ ನನಗೆ ಕೈಮುಗಿದಳು. “ಭಾಳ ಉಪಕಾರ ಆತ್ರಿ, ಅಕ್ಕಾವರ,” ಎಂದಳು.