ತಾಂಡೇಲರ ಲುಂಗಿ

ಮಂಗಳೂರಿನ ಬಂದರಿನಿಂದ ಲಕ್ಷದ್ವೀಪಕ್ಕೆ ತರಕಾರಿ ಒಯ್ಯುವ ಮರದ ಹಡಗು, ನಮ್ಮ ಬಾಯಲ್ಲಿ ಮಂಜಿ. ಸರಕಿನ ಜೊತೆ ನಾನೂ ಹೋಗುತ್ತಿದ್ದೆ. ಮಂಜಿಯನ್ನು ನಡೆಸುತ್ತಿದ್ದ ತಾಂಡೇಲರಿಗೆ ಕಡಲಿನ ಜೀವಗಳೆಲ್ಲ ‘ಅವರು’. ಡಾಲ್ಫಿನ್‌ಗಳು ಜಿಗಿಯುತ್ತ ಬಂದರೆ, ಆಮೆಯೊಂದು ತಲೆ ಎತ್ತಿದರೆ, ಎತ್ತಿ ಕಟ್ಟಿದ ಲುಂಗಿಯನ್ನು ಹಿರಿಯರೆದುರು ಇಳಿಸುವ ಹಾಗೆ ಇಳಿಸಿ ನಿಲ್ಲುತ್ತಿದ್ದರು. ತಮಾಷೆಗಲ್ಲ. “ಮೊದಲು ಅವರು ಹೋಗ್ಲಿ ಮಾರಾಯ” ಎನ್ನುತ್ತಿದ್ದರು.

ಒಮ್ಮೆ ಬೆಳ್ಳಂಬೆಳಿಗ್ಗೆ ತಿಮಿಂಗಿಲವೊಂದು ಮರಿಯೊಂದಿಗೆ ನಮ್ಮೆದುರೇ ತೇಲುತ್ತ ನಿಂತಿತು. ತಾಂಡೇಲರು ಲುಂಗಿ ಇಳಿಸಿದರು. ಹಾಯಿ ಇಳಿಸಿ, ಇಂಜಿನ್ನೂ ನಿಲ್ಲಿಸಿದರು.

“ಟೊಮೆಟೊ ಕೊಳೀತದೆ, ಬದಿಯಿಂದ ಹೋಗುವ” ಎಂದೆ.

“ಮರಿ ಉಂಟು, ಕಾಣುದಿಲ್ವಾ?”

ಅವು ಸರಿಯುವಾಗ ಸಂಜೆಯಾಗಿತ್ತು. ದ್ವೀಪ ಮುಟ್ಟುವಷ್ಟರಲ್ಲಿ ಟೊಮೆಟೊ ಕೊಳೆತಿತ್ತು.

ಊರಿಗೆ ಮರಳಿದ ಕೂಡಲೇ ಮಂಜಿಯ ಧಣಿ ನಮ್ಮಿಬ್ಬರನ್ನೂ ಕರೆಸಿದರು. ತಾಂಡೇಲರು ರೂಢಿಯಂತೆ ಲುಂಗಿ ಇಳಿಸಿಯೇ ಒಳಗೆ ಬಂದರು.

“ತಿಮಿಂಗಿಲ ಅಡ್ಡ ಬಂತು ಅಂತ ಎಲ್ಲಾದ್ರೂ ಉಂಟಾ? ತಪ್ಪಾಯ್ತು ಅಂತ ಹೇಳಿ. ಇಲ್ಲದಿದ್ರೆ ನಾಳೆಯಿಂದ ಬರ್ಬೇಡಿ” ಎಂದು ಧಣಿ ಗುಡುಗಿದರು.

“ಅಡ್ಡ ಬಂದದ್ದು ಅವರಲ್ಲ, ನಾವು” ಎಂದರು ತಾಂಡೇಲರು.

ಆಮೇಲೆ ಧಣಿಯ ಮುಖ ನೋಡುತ್ತಲೇ ಲುಂಗಿಯನ್ನು ಮೊಣಕಾಲ ಮೇಲಕ್ಕೆತ್ತಿ, ಬಿಗಿಯಾಗಿ ಕಟ್ಟಿ ಹೊರಟರು.